ಹೊಂದದ ಸೋಲಾರ್ ಪ್ಯಾನಲ್‌ಗಳಿಗೆ ಒಂದೇ ನೊಗ ಬೇಡ

ಅಜ್ಜಂಪುರದ ಅಮೃತಮಹಲ್ ಎತ್ತುಗಳನ್ನು ನೀವೆಲ್ಲ ಬಲ್ಲಿರಿ. ಅಂತಹ ಎತ್ತಿನ ಜೊತೆಗೆ ಎಳೆಯ ಕರುವನ್ನು ಕಟ್ಟಿ ಯಾರೂ ನೇಗಿಲು ಹೂಡುವುದಿಲ್ಲ. ಹೊಲದಲ್ಲಿ ಮಾಡದ ಈ ತಪ್ಪನ್ನು ಸೌರ ಪಂಪ್‌ಸೆಟ್ಟಿನಲ್ಲಿಯೂ ಮಾಡಬಾರದು.

2019ರಲ್ಲಿ ಪಿಎಂ-ಕುಸುಮ್ ಯೋಜನೆ ಪ್ರಾರಂಭವಾದ ನಂತರ ಅನೇಕ ರೈತರು ಕೊಳವೆ ಬಾವಿಗಳಿಗೆ ಸೌರ ಪಂಪ್‌ಸೆಟ್ ಹಾಕಿಸಿಕೊಂಡರು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಬೇಸಿಗೆಯಲ್ಲಿ ತೆಂಗು, ಅಡಿಕೆಗೆ ನೀರು ಸಾಲದಾದಾಗ, ಮನೆಯಲ್ಲಿರುವ ಹಳೆಯ ಪ್ಯಾನಲ್ ಎರಡನ್ನು ಸೇರಿಸಿದರೆ ನೀರು ಹೆಚ್ಚೀತೆಂಬ ಆಸೆ ಸಹಜ. ಆದರೆ ಬರೀ ವ್ಯಾಟ್ ಕೂಡಿಸುವ ಈ ಲೆಕ್ಕ ಸರಿಯಲ್ಲ.

ಒಂದರ ಹಿಂದೊಂದು ಕಟ್ಟುವ ಸರಣಿ ಜೋಡಣೆಯಲ್ಲಿ ವೋಲ್ಟೇಜ್ ಕೂಡುತ್ತದೆ. ಪ್ರವಾಹ ಮಾತ್ರ ಎಲ್ಲದರಲ್ಲಿಯೂ ಒಂದೇ ಆಗಿರಬೇಕು. 540 ವ್ಯಾಟಿನ ಹೊಸ ಪ್ಯಾನಲ್ ಸುಮಾರು 13 ಆಂಪಿಯರ್ ಕೊಡುತ್ತದೆ. 330 ವ್ಯಾಟಿನ ಹಳೆಯದು 9 ಆಂಪಿಯರಿನ ಒಳಗೇ ನಿಲ್ಲುತ್ತದೆ. ಎಂಟು ಹೊಸವುಗಳಿಗೆ ಎರಡು ಹಳೆಯವನ್ನು ಸೇರಿಸಿದರೆ ಕಾಗದದ ಮೇಲೆ 4,980 ವ್ಯಾಟ್. ವಾಸ್ತವದಲ್ಲಿ ಹಳೆಯವು ಹೊಸವನ್ನು ತಮ್ಮ ಮಟ್ಟಕ್ಕೆ ಎಳೆಯುತ್ತವೆ. ಇಲ್ಲವೇ ಒಳಗಿನ ಡಯೋಡ್ ಹಳೆಯವನ್ನೇ ಬದಿಗೆ ಸರಿಸುತ್ತದೆ. ಎರಡರಲ್ಲಿಯೂ ಲಾಭವಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆಯಂತೆ ಆಯಿತು.

ಸಮಾಂತರ ಜೋಡಣೆಯಲ್ಲಿ ಪ್ರವಾಹ ಕೂಡುತ್ತದೆ. ಅಲ್ಲಿ ಸಾಲುಗಳ ವೋಲ್ಟೇಜ್ ಸಮವಾಗಿರಬೇಕು. ಇಲ್ಲದಿದ್ದರೆ ಯಾವ ಸಾಲೂ ಪೂರ್ಣ ಶಕ್ತಿ ಕೊಡದು.

ಆದುದರಿಂದ ಪ್ಯಾನಲ್ಲಿನ ಹಿಂಬದಿಯ ಚೀಟಿಯನ್ನು ಮೊದಲು ಓದಿರಿ. ಸರಣಿಗೆ ಆಂಪಿಯರ್, ಸಮಾಂತರಕ್ಕೆ ವೋಲ್ಟ್ ಹೊಂದಬೇಕು. ತೆಂಗಿನಕಾಯಿ ಬಿದ್ದು ಒಂದು ಪ್ಯಾನಲ್ ಒಡೆದರೆ, ಅದೇ ಆಂಪಿಯರಿನದು ಅಥವಾ ತುಸು ಹೆಚ್ಚಿನದನ್ನು ಹಾಕಬಹುದು. ಕಡಿಮೆಯದನ್ನು ಎಂದಿಗೂ ಬೇಡ. ಸಾಲಿನ ಒಟ್ಟು ವೋಲ್ಟೇಜ್ ಕಂಟ್ರೋಲರಿನ ಮಿತಿಯನ್ನು ಮೀರಬಾರದು. ಚಳಿಗಾಲದ ಬೆಳಿಗ್ಗೆ ಅದು ಇನ್ನಷ್ಟು ಏರುತ್ತದೆಂಬುದು ನೆನಪಿರಲಿ. ಬಿಸಿಲಿರುವವರೆಗೆ ಪ್ಯಾನಲ್ಲಿನಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಸ್ವಿಚ್ ಆರಿಸಿದರೂ ತಂತಿ ಸತ್ತಿರುವುದಿಲ್ಲ. ಆದ್ದರಿಂದ ಜೋಡಣೆಯ ಕೆಲಸ ಬಲ್ಲವರಿಗೇ ಇರಲಿ. ಗ್ಯಾರಂಟಿ ಅವಧಿ ಮುಗಿಯದ ಪಂಪ್‌ಸೆಟ್ಟಿಗೆ ಸ್ವತಃ ಕೈ ಹಾಕಬೇಡಿರಿ.

ಹಳೆಯ ಪ್ಯಾನಲ್ ನಿರುಪಯುಕ್ತವೇನಲ್ಲ. ತಕ್ಕ ಚಾರ್ಜರ್ ಮತ್ತು ಬ್ಯಾಟರಿಯೊಂದಿಗೆ ಅದನ್ನು ಪ್ರತ್ಯೇಕವಾಗಿಟ್ಟರೆ ತೋಟದ ಮನೆಯ ದೀಪಕ್ಕೆ, ಬೇಲಿಗೆ ಒದಗೀತು.

ಇನ್ನೊಂದು ಮಾತು. ಮಾರುವವರೂ ಬಿಲ್ಲಿನಲ್ಲಿ ಬರೀ ವ್ಯಾಟ್ ಬರೆದು ಕೈತೊಳೆದುಕೊಳ್ಳಬಾರದು. ವೋಲ್ಟ್, ಆಂಪಿಯರ್ ಎರಡನ್ನೂ ಬರೆದುಕೊಡಲಿ. ಬಿತ್ತನೆ ಬೀಜದ ಚೀಲದ ಚೀಟಿಯನ್ನು ಓದಿ ಕೊಳ್ಳುವ ನೀವು ಇದನ್ನೂ ಕೇಳಿ ಪಡೆಯಿರಿ. ಆ ಎರಡು ಅಂಕಿಗಳಿಲ್ಲದೆ ಹಣ ಕೊಡಬೇಡಿರಿ.