'ತೀವ್ರತೆ' ಎಂಬ ಒಂದೇ ಮಾತು

ಭೂಮಿ ಜಪಾನಿನಲ್ಲಿ ನಡುಗಲಿ, ಚಿಲಿಯಲ್ಲಿ ನಡುಗಲಿ, ಸುದ್ದಿ ಕೆಲವೇ ನಿಮಿಷಗಳಲ್ಲಿ ಡಾಬಕಾದಂಥ ಗಡಿಯೂರಿಗೂ ಬಂದು ಮುಟ್ಟುತ್ತದೆ. ದೇಶದೇಶಗಳ ಕೇಂದ್ರಗಳಿಂದ ಬರುವ ಕಂಪನದ ಗೆರೆಗಳನ್ನು ತಂತ್ರಾಂಶವೇ ಓದಿ, ಸ್ಥಳ, ಆಳ, ಪರಿಮಾಣಗಳನ್ನು ಲೆಕ್ಕಹಾಕಿ ಹಂಚುತ್ತದೆ. ಯಂತ್ರದ ಮೇಲೆ ನನ್ನ ದೂರಿಲ್ಲ. ಅದು ಸರಿಯಾಗಿ ಹೇಳಿದ್ದನ್ನು ಕನ್ನಡದಲ್ಲಿ ಕೆಡಿಸಿ ಹೇಳುವವರ ಮೇಲೆ ಇದೆ.

'ರಿಕ್ಟರ್ ಮಾಪಕದಲ್ಲಿ ಇಷ್ಟು ತೀವ್ರತೆ ದಾಖಲಾಗಿದೆ' ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ರಿಕ್ಟರ್ ಮಾಪಕವೆಂಬುದು ಎಲ್ಲಿಯೋ ನೆಟ್ಟ ಉಪಕರಣವಲ್ಲ. 1935ರಲ್ಲಿ ಚಾರ್ಲ್ಸ್ ರಿಕ್ಟರ್ ಪ್ರಕಟಿಸಿದ ಲೆಕ್ಕದ ಕ್ರಮ. ಈ ತಪ್ಪನ್ನು ಬೇಕಾದರೆ ಕ್ಷಮಿಸೋಣ. ಕ್ಷಮಿಸಲಾಗದ ತಪ್ಪು 'ತೀವ್ರತೆ'ಯಲ್ಲಿದೆ.

ಜಾತ್ರೆಯಲ್ಲಿ ಹಲಗೆ ಬಾರಿಸುವವನ ಕೈಬಲ ಒಂದೇ. ಆದರೆ ಪಕ್ಕದಲ್ಲಿ ನಿಂತವನಿಗೆ ಕಿವಿ ಗಡಚಿಕ್ಕುತ್ತದೆ, ಹೊಲದಂಚಿನವನಿಗೆ ಕೇಳಿಸಿಯೂ ಕೇಳಿಸದಂತಿರುತ್ತದೆ. ಭೂಕಂಪದ ಕೈಬಲ ಪರಿಮಾಣ; ಅದಕ್ಕೆ ಒಂದೇ ಅಂಕಿ. ಆಯಾ ಊರಿನಲ್ಲಿ ನೆಲ ಅಲುಗಿದ ಬಗೆ ತೀವ್ರತೆ. ಅದು ಊರಿಂದೂರಿಗೆ ಬೇರೆ. ವಿಜ್ಞಾನಿಗಳು ಅದನ್ನು ಬೇರೆಯಾಗಿಯೇ 12 ಹಂತಗಳಲ್ಲಿ ಅಳೆಯುತ್ತಾರೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಓದುವವನಿಗೆ ತಿಳಿಯುವುದಾದರೂ ಏನು?

ಇದು ಪಂಡಿತರ ಪದಜಗಳವೆಂದು ನಗುವವರು 2021ರ ಅಕ್ಟೋಬರನ್ನು ನೆನೆಯಲಿ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಪರಿಮಾಣ 4ರ ಆಸುಪಾಸಿನ ಕಂಪನಗಳಾದವು. ನೆಲದಡಿಯ ಸದ್ದಿಗೆ ಬೆದರಿ ಎಷ್ಟೋ ಕುಟುಂಬಗಳು ಊರು ಬಿಟ್ಟವು. ಅಂಥವರ ಎದುರಿಗೆ ನಿಂತು 'ತೀವ್ರತೆ ಕಡಿಮೆ' ಎಂದರೆ, ಅವರ ಅನುಭವವನ್ನೇ ಸುಳ್ಳೆಂದಂತಾಯಿತು. ಪರಿಮಾಣ ಸಣ್ಣದು, ಆದರೆ ಕಂಪನ ಕಾಲಡಿಯಲ್ಲೇ ಹುಟ್ಟಿದ್ದರಿಂದ ಊರಿಗೆ ಬಲವಾಗಿ ತಟ್ಟಿತು ಎಂದಿದ್ದರೆ ಮಾತು ನಿಜವಾಗುತ್ತಿತ್ತು, ನಂಬಿಕೆಯೂ ಉಳಿಯುತ್ತಿತ್ತು.

ಇನ್ನು ನಮ್ಮ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಆದ ಭೂಕಂಪದ ಪರಿಮಾಣ 6.2. ಸತ್ತವರು ಸುಮಾರು 10,000. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದವು. '6.2 ತೀವ್ರತೆ' ಎಂದು ಬರೆದಾಗ ಕೊಂದದ್ದು ಭೂಮಿಯೊಂದೇ ಎಂದಾಗುತ್ತದೆ. ಗೋಡೆಯ ಪಾಲು ಮರೆಯಾಗುತ್ತದೆ. ಔರಾದ, ಭಾಲ್ಕಿಗಳ ಹಳ್ಳಿಗಳಲ್ಲಿ ಅಂಥ ಹಳೆಯ ಮನೆಗಳು ಇಂದಿಗೂ ಇವೆ. ನೆಲದ ಕೈಬಲವನ್ನು ತಗ್ಗಿಸುವುದು ನಮ್ಮಿಂದಾಗದು. ಗೋಡೆಯನ್ನು ಬಲಪಡಿಸುವುದು ಆಗುತ್ತದೆ.

ಹಿಂದಿ, ಮರಾಠಿ ಪತ್ರಿಕೆಗಳೂ ಹೀಗೆಯೇ ಬರೆಯುತ್ತವೆಂದು ಕೆಲವರು ವಾದಿಸುತ್ತಾರೆ. ನೆರೆಯವನು ಅಳತೆ ತಪ್ಪಿದನೆಂದು ನಾವೂ ತಪ್ಪಬೇಕೆಂಬ ನಿಯಮವಿಲ್ಲ. 'ಪರಿಮಾಣ' ಹೊಸದಾಗಿ ಟಂಕಿಸಬೇಕಾದ ಮಾತೂ ಅಲ್ಲ. ಸಂಪಾದಕರು ಮನಸ್ಸು ಮಾಡಿದರೆ ನಾಳೆಯ ಸಂಚಿಕೆಯಿಂದಲೇ ಇದನ್ನು ತಿದ್ದಬಹುದು. ಭೂಕಂಪದ ಪರಿಮಾಣವೆಷ್ಟು ಎಂದು ಮೊದಲು ಬರೆಯಲಿ. ಯಾವ ಊರಿಗೆ ಎಷ್ಟು ತೀವ್ರವಾಗಿ ತಟ್ಟಿತು, ಎಂಥ ಮನೆಗಳು ಬಿದ್ದವು, ಎಂಥವು ನಿಂತವು ಎಂಬುದನ್ನು ಅದರ ಕೆಳಗೆ ಬರೆಯಲಿ.