ಸೂಟ್‌ಕೇಸಿನಲ್ಲಿ ಬಂದೂಕಿನ ಬಿಡಿಭಾಗ: ಕ್ರೀಡಾ ಪರಿಕರವೋ, ಶಸ್ತ್ರಾಸ್ತ್ರವೋ?

ಬೆಂಗಳೂರು: 2017ರ ಮೇ ತಿಂಗಳಲ್ಲಿ ಜೆಕ್ ಗಣರಾಜ್ಯದ ಸ್ಪರ್ಧೆ ಮುಗಿಸಿ ದೆಹಲಿಗೆ ಬಂದಿಳಿದ ಭಾರತದ ಶೂಟರ್‌ಗಳು ವಿಮಾನ ನಿಲ್ದಾಣದಲ್ಲೇ ಗಂಟೆಗಟ್ಟಲೆ ಕುಳಿತಿರಬೇಕಾಯಿತು. ಅವರ ಬಂದೂಕು, ಗುಂಡುಗಳನ್ನು ಕಸ್ಟಮ್ಸ್ ಅಧಿಕಾರಿಗಳು ಬಿಡುಗಡೆ ಮಾಡಲಿಲ್ಲ. ಕ್ರಿಕೆಟ್ ತಂಡವನ್ನೂ ಹೀಗೆಯೇ ನಡೆಸಿಕೊಳ್ಳುತ್ತಿದ್ದರೇ ಎಂಬರ್ಥದ ಪ್ರಶ್ನೆಯನ್ನು ಒಲಿಂಪಿಕ್ ಚಿನ್ನದ ಪದಕ ವಿಜೇತ ಅಭಿನವ್ ಬಿಂದ್ರಾ ಬಹಿರಂಗವಾಗಿಯೇ ಎತ್ತಿದರು. ದೇಶದ ಪರವಾಗಿ ಆಡಿ ಬಂದವರ ಪಾಡೇ ಹೀಗಾದರೆ, ಅಮೆರಿಕದಿಂದಲೋ ಜರ್ಮನಿಯಿಂದಲೋ ರಜೆಗೆಂದು ಊರಿಗೆ ಹೊರಟು, ಸೂಟ್‌ಕೇಸಿನಲ್ಲಿ ಒಂದು ಸ್ಕೋಪು, ಒಂದು ಟ್ರಿಗ್ಗರ್, ಎರಡು ಡಬ್ಬಿ ಪೆಲೆಟ್ ಇಟ್ಟುಕೊಂಡ ಸಾಮಾನ್ಯ ಹವ್ಯಾಸಿಯ ಗತಿ ಏನು?

ಅಧಿಕಾರಿಗಳ ಅನುಮಾನಕ್ಕೆ ಕಾರಣವಿರಲಿಲ್ಲ ಎನ್ನುವಂತಿಲ್ಲ. ಆ ಘಟನೆಗೆ ಕೆಲವೇ ದಿನಗಳ ಮುಂಚೆ ಕಂದಾಯ ಗುಪ್ತಚರ ನಿರ್ದೇಶನಾಲಯದ ಅಧಿಕಾರಿಗಳು ಉತ್ತರ ಪ್ರದೇಶದಲ್ಲಿ ಶೂಟಿಂಗ್ ಕ್ರೀಡಾಪಟುವೊಬ್ಬರ ಮನೆಯ ಮೇಲೆ ದಾಳಿ ನಡೆಸಿ ಹತ್ತಾರು ಬಂದೂಕುಗಳನ್ನೂ ಸಾವಿರಾರು ಗುಂಡುಗಳನ್ನೂ ವಶಪಡಿಸಿಕೊಂಡಿದ್ದರು. ಶೂಟರ್‌ಗಳಿಗೆ ಇರುವ ಆಮದು ಸೌಲಭ್ಯ ಕಳ್ಳಸಾಗಣೆಯ ಕಿಂಡಿಯಾಗುತ್ತಿದೆಯೇ ಎಂಬ ಶಂಕೆ ಆಗ ಬಲವಾಗಿತ್ತು. 2022ರ ಜುಲೈಯಲ್ಲಿ ವಿಯೆಟ್ನಾಂನಿಂದ ಬಂದ ದಂಪತಿಯ ಚೀಲದಲ್ಲಿ 45 ಪಿಸ್ತೂಲುಗಳು ಸಿಕ್ಕಿದ್ದೂ ಇದೇ ದೆಹಲಿ ನಿಲ್ದಾಣದಲ್ಲಿ. ತಪಾಸಣೆ ಬಿಗಿಯಾಗಿರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತಕರಾರಿರುವುದು ಬಿಗಿಯ ಬಗ್ಗೆಯಲ್ಲ. ಯಾವ ವಸ್ತು ಗೆರೆಯ ಈಚೆಗಿದೆ, ಯಾವುದು ಆಚೆಗಿದೆ ಎಂಬುದು ಕೌಂಟರಿಗೆ ಬಂದು ನಿಲ್ಲುವವರೆಗೆ ಪ್ರಯಾಣಿಕನಿಗೆ ಗೊತ್ತಾಗುವುದಿಲ್ಲ ಎಂಬುದರ ಬಗ್ಗೆ.

ಬಿಡಿಭಾಗವೂ ಬಂದೂಕೇ

1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯಾನ ಬಹಳ ವಿಶಾಲವಾದುದು. ಸ್ಫೋಟಕದಿಂದಾಗಲಿ ಇತರ ಶಕ್ತಿಯಿಂದಾಗಲಿ ಗುಂಡು ಹಾರಿಸುವ ಯಾವುದೇ ಸಾಧನ ಅದರ ಪ್ರಕಾರ ಬಂದೂಕು. ಗಾಳಿಯ ಒತ್ತಡದಿಂದ ಹಾರಿಸುವ ಏರ್ ರೈಫಲ್ ಕೂಡ ಈ ಮಾತಿನ ವ್ಯಾಪ್ತಿಗೆ ಬರುತ್ತದೆ. ಕಾಯ್ದೆ ಅಲ್ಲಿಗೇ ನಿಲ್ಲುವುದಿಲ್ಲ. ಬಂದೂಕಿನ ಭಾಗಗಳೂ ಬಂದೂಕೇ. ಸದ್ದನ್ನೋ ಬೆಂಕಿಯ ಮಿಂಚನ್ನೋ ತಗ್ಗಿಸಲು ತಯಾರಿಸಿದ ಪರಿಕರವೂ ಬಂದೂಕೇ. ಯುರೋಪಿನ ಕೆಲವು ದೇಶಗಳಲ್ಲಿ ಬೇಟೆಗಾರರು ಕಿವಿಯ ರಕ್ಷಣೆಗೆಂದು ಮಾಮೂಲಾಗಿ ಬಳಸುವ ಸೈಲೆನ್ಸರ್ ಭಾರತದ ನೆಲ ಮುಟ್ಟಿದೊಡನೆ ಒಂದು ಇಡೀ ಬಂದೂಕಿನ ಸ್ಥಾನ ಪಡೆಯುತ್ತದೆ. ನಳಿಗೆ, ಬೋಲ್ಟ್, ಮ್ಯಾಗಜಿನ್, ಟ್ರಿಗ್ಗರ್ ಜೋಡಣೆಗಳ ಮಾತೂ ಅಷ್ಟೇ.

ಇವುಗಳ ವಿಷಯದಲ್ಲಿ ಯಾರಿಗೂ ಹೆಚ್ಚಿನ ಗೊಂದಲವಾಗದು. ಗೊಂದಲವಿರುವುದು ಚಿಲ್ಲರೆ ಸಾಮಾನುಗಳಲ್ಲಿ. ಸ್ಪರ್ಧಾ ಪಿಸ್ತೂಲಿಗೆ ಶೂಟರ್‌ನ ಮುಷ್ಟಿಯ ಅಳತೆಗೆ ತಕ್ಕಂತೆ ಕೆತ್ತಿಸಿದ ವಾಲ್‌ನಟ್ ಮರದ ಹಿಡಿ ಸಿಗುತ್ತದೆ. ಅದು ಮರದ ತುಂಡು. ಅದರಿಂದ ಯಾರನ್ನೂ ಕೊಲ್ಲಲಾಗದು. ಆದರೆ ಕಾಯ್ದೆಯ ವ್ಯಾಖ್ಯಾನವನ್ನು ಅಕ್ಷರಶಃ ಓದುವ ಅಧಿಕಾರಿಗೆ ಅದು ಪಿಸ್ತೂಲಿನ ಭಾಗವೇ. ಚಿಕ್ಕಪುಟ್ಟ ಭಾಗಗಳಿಗೆ ಕಲಂ 45ರಲ್ಲಿ ವಿನಾಯಿತಿ ಇದೆ, ನಿಜ. ಆದರೆ ಆ ವಿನಾಯಿತಿಗೆ ಒಂದು ಷರತ್ತಿದೆ: ತನ್ನ ಬಳಿಯಾಗಲಿ ಬೇರೆಯವರ ಬಳಿಯಾಗಲಿ ಇರುವ ಪೂರಕ ಭಾಗಗಳೊಂದಿಗೆ ಅದನ್ನು ಬಳಸುವ ಉದ್ದೇಶ ಇರಕೂಡದು. ಇಲ್ಲಿಯ ವಿಪರ್ಯಾಸ ನೋಡಿ. ಶೋಕೇಸಿನಲ್ಲಿ ಇಡಲೆಂದು ಹಿಡಿಯನ್ನು ತಂದವನಿಗೆ ಈ ಕಲಂ ನೆರವಾಗುತ್ತದೆ. ಅಭ್ಯಾಸಕ್ಕೆಂದು, ತನ್ನದೇ ಪಿಸ್ತೂಲಿಗೆ ಜೋಡಿಸಲೆಂದು ತಂದ ಕ್ರೀಡಾಪಟುವಿಗೆ ನೆರವಾಗುವುದಿಲ್ಲ.

ಆತ ಕಲಂ 10ರ ಮೊರೆ ಹೋಗಬೇಕು. ಪರವಾನಗಿಯಿಲ್ಲದೆ ಶಸ್ತ್ರಾಸ್ತ್ರ, ಮದ್ದುಗುಂಡುಗಳನ್ನು ದೇಶದೊಳಕ್ಕೆ ತರುವಂತಿಲ್ಲ ಎನ್ನುವ ಈ ಕಲಂ, ಅವನ್ನು ಹೊಂದಲು ಕಾನೂನುಬದ್ಧ ಹಕ್ಕಿರುವವರು ಸ್ವಂತ ಬಳಕೆಗಾಗಿ ಯುಕ್ತ ಪ್ರಮಾಣದಲ್ಲಿ ತರಬಹುದು ಎಂದೂ ಹೇಳುತ್ತದೆ. ಯುಕ್ತ ಪ್ರಮಾಣ ಎಂದರೆ ಎಷ್ಟು? ಕಾಯ್ದೆಯ ಕಲಂ ಸಂಖ್ಯೆ ನೀಡುವುದಿಲ್ಲ. ಸಂಶಯ ಬಂದಲ್ಲಿ ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ಸಾಮಾನನ್ನು ತಡೆಹಿಡಿಯುವ ಅಧಿಕಾರ ಕಸ್ಟಮ್ಸ್ ಆಯುಕ್ತರಿಗಿದೆ. ಆದೇಶ ಇಷ್ಟೇ ದಿನದೊಳಗೆ ಬರಬೇಕೆಂಬ ಗಡುವೂ ಆ ಕಲಮಿನಲ್ಲಿ ಇಲ್ಲ. ಮುಂದಿನ ಸ್ಪರ್ಧೆ ಹದಿನೈದು ದಿನಕ್ಕಿರುವ ಶೂಟರ್‌ಗೆ ಇದು ಜಪ್ತಿಗೆ ಸಮಾನ.

ಏರ್ ರೈಫಲ್, ಏರ್ ಪಿಸ್ತೂಲುಗಳ ಕಥೆ ಇನ್ನೂ ವಿಚಿತ್ರವಾದುದು. 2016ರ ಶಸ್ತ್ರಾಸ್ತ್ರ ನಿಯಮಾವಳಿಯ ಪ್ರಕಾರ 20 ಜೂಲ್ ಶಕ್ತಿ ಅಥವಾ 4.5 ಮಿ.ಮೀ. ವ್ಯಾಸ ಮೀರಿದ ಗಾಳಿಬಂದೂಕಿಗೆ ಪರವಾನಗಿ ಬೇಕು. ಹತ್ತು ಮೀಟರ್ ಸ್ಪರ್ಧೆಯವು ಈ ಮಿತಿಯೊಳಗೇ ಇರುವುದರಿಂದ ಅವುಗಳ ಒಡೆಯರಿಗೆ ಪರವಾನಗಿಯ ಅಗತ್ಯವಿಲ್ಲ. ಹಾಗಾಗಿ ಕೌಂಟರಿನಲ್ಲಿ ತೋರಿಸಲು ಅವರ ಬಳಿ ಪರವಾನಗಿ ಪುಸ್ತಕವೂ ಇರುವುದಿಲ್ಲ. ಕಾನೂನಿನ ಅಡಿ ಹೆಚ್ಚು ಸ್ವಾತಂತ್ರ್ಯ ಇರುವವರೇ ಕಾಗದಪತ್ರ ಕೇಳಿದಾಗ ಬರಿಗೈಯವರು.

ಐವತ್ತು ಗುಂಡಿನ ತಪ್ಪು ಲೆಕ್ಕ

ಪ್ರಯಾಣಿಕರಲ್ಲಿ ಒಂದು ನಂಬಿಕೆ ಹರಡಿದೆ: 50 ಗುಂಡುಗಳವರೆಗೆ ತರಲು ಅಡ್ಡಿಯಿಲ್ಲ. ಇದರ ಮೂಲ ಕಸ್ಟಮ್ಸ್‌ನ ಬ್ಯಾಗೇಜ್ ನಿಯಮಗಳಲ್ಲಿದೆ. 2016ರ ನಿಯಮಗಳ ಅನುಬಂಧದಲ್ಲಿ ಸುಂಕ ವಿನಾಯಿತಿಯಿಂದ ಹೊರಗಿಟ್ಟ ವಸ್ತುಗಳ ಪಟ್ಟಿ ಇತ್ತು. ಅದರಲ್ಲಿ ಬಂದೂಕುಗಳ ಜತೆಗೆ ಐವತ್ತನ್ನು ಮೀರಿದ ಗುಂಡುಗಳನ್ನೂ ಹೆಸರಿಸಲಾಗಿತ್ತು. ಸಿಗರೇಟು, ಮದ್ಯ, ಚಿನ್ನದ ಸಾಲಿನಲ್ಲೇ ಇದೂ ಇದ್ದುದರಿಂದ ಒಂದೆರಡು ಬಾಟಲಿಯಂತೆ ಐವತ್ತು ಗುಂಡೂ ಸಲ್ಲುತ್ತದೆ ಎಂದು ಓದಿಕೊಂಡವರಿದ್ದಾರೆ. ಆದರೆ ಆ ಅಂಕಿ ಸುಂಕಕ್ಕೆ ಸಂಬಂಧಿಸಿದ್ದು. ಗುಂಡು ಹೊಂದುವ ಹಕ್ಕನ್ನು ನೀಡಬೇಕಾದುದು ಶಸ್ತ್ರಾಸ್ತ್ರ ಕಾಯ್ದೆ. ಆ ಹಕ್ಕಿಲ್ಲದವನ ಚೀಲದಲ್ಲಿ ಒಂದೇ ಗುಂಡು ಸಿಕ್ಕರೂ ಕಲಂ 25ರಡಿ ಜೈಲುಶಿಕ್ಷೆಗೆ ಗುರಿಯಾಗಬಹುದಾದ ಅಪರಾಧ.

ಈ ‘ಒಂದೇ ಗುಂಡು’ ಕಲ್ಪನೆಯ ಮಾತಲ್ಲ. ಲಾಸ್ ವೇಗಸ್‌ನಂಥ ಊರುಗಳಲ್ಲಿ ಪ್ರವಾಸಿಗರಿಗೆಂದೇ ಶೂಟಿಂಗ್ ರೇಂಜುಗಳಿವೆ. ಅಲ್ಲಿ ಹೊತ್ತು ಕಳೆದವರ ಜೇಬಿನಲ್ಲೋ, ರೇಂಜಿಗೆ ಒಯ್ದ ಚೀಲದ ಮೂಲೆಯಲ್ಲೋ ಒಂದು ಗುಂಡು ಉಳಿದುಬಿಡುತ್ತದೆ. ಬೆಂಗಳೂರಿನಲ್ಲಿ ಇಳಿದು ಗ್ರೀನ್ ಚಾನೆಲ್ ದಾಟಿದೊಡನೆ ಪಾರಾದೆವೆಂದುಕೊಳ್ಳುವಂತಿಲ್ಲ. ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವ ವಿಮಾನಕ್ಕೆ ಅದೇ ಚೀಲ ಮತ್ತೆ ಎಕ್ಸ್‌ರೇ ಯಂತ್ರದಡಿ ಹೋಗುತ್ತದೆ. ಅಲ್ಲಿ ಸಿಕ್ಕರೆ ವಿಷಯ ಸುಂಕ, ದಂಡದ ಮಟ್ಟದಲ್ಲಿ ಉಳಿಯುವುದಿಲ್ಲ. ಪೊಲೀಸ್ ಠಾಣೆಗೆ ಹೋಗುತ್ತದೆ.

ನ್ಯಾಯಾಲಯಗಳು ಇಂಥವರ ಬಗ್ಗೆ ಕಠಿಣವಾಗಿಲ್ಲ ಎಂಬುದು ಸಮಾಧಾನದ ಸಂಗತಿ. ವಸ್ತು ತನ್ನ ಬಳಿ ಇದೆಯೆಂಬ ಅರಿವು ಇದ್ದಾಗ ಮಾತ್ರ ಅದು ಅಪರಾಧವಾಗುವ ಸ್ವಾಧೀನ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರಲ್ಲಿ ಗುರುತಿಸಿತು. 1994ರಲ್ಲಿ ನಟ ಸಂಜಯ್ ದತ್ ಪ್ರಕರಣದಲ್ಲಿ ಸಂವಿಧಾನ ಪೀಠವೂ ಅರಿವಿನ ಅಂಶವನ್ನು ಒತ್ತಿ ಹೇಳಿತು. ಈ ತೀರ್ಪುಗಳ ಬೆಳಕಿನಲ್ಲಿ, ಬಂದೂಕಿಲ್ಲದೆ ಬಿಡಿ ಗುಂಡಷ್ಟೇ ಸಿಕ್ಕ ಅನೇಕ ವಿಮಾನ ಪ್ರಯಾಣಿಕರ ಮೇಲಿನ ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ರದ್ದುಗೊಳಿಸಿದೆ.

ಆದರೆ ರದ್ದಾಗುವುದು ಕೊನೆಯಲ್ಲಿ. ಅದಕ್ಕೆ ಮುಂಚೆ ಎಫ್‌ಐಆರ್, ಬಂಧನ ಅಥವಾ ಜಾಮೀನು, ಗುಂಡು ಜೀವಂತವೋ ಅಲ್ಲವೋ ಎಂದು ಹೇಳುವ ಪ್ರಯೋಗಾಲಯದ ವರದಿಗಾಗಿ ಕಾಯುವಿಕೆ, ವಕೀಲರ ಶುಲ್ಕ. ಮೂರು ವಾರದ ರಜೆಯ ಮೇಲೆ ಬಂದ ಸಾಫ್ಟ್‌ವೇರ್ ಎಂಜಿನಿಯರ್ ಹೈಕೋರ್ಟಿನ ಸರದಿಗೆ ಕಾಯಬೇಕು. ಕ್ರಿಮಿನಲ್ ಪ್ರಕರಣ ಬಾಕಿ ಇರುವವರಿಗೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶವಿದೆ. ವೀಸಾ ಅರ್ಜಿಗಳಲ್ಲಿ ಎಂದಾದರೂ ಬಂಧನಕ್ಕೆ ಒಳಗಾಗಿದ್ದಿರಾ ಎಂಬ ಪ್ರಶ್ನೆ ಇರುತ್ತದೆ. ನಿರ್ದೋಷಿ ಎಂದು ಸಾಬೀತಾಗುವಷ್ಟರಲ್ಲಿ ಅಲ್ಲಿಯ ಕೆಲಸವೇ ಕೈಬಿಟ್ಟು ಹೋಗಿರಬಹುದು.

ಕೊಡಗಿನ ವಿನಾಯಿತಿ

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ವಿಶೇಷ ಸಂಬಂಧವಿದೆ. ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಗಳ ಅವಧಿಗೆ, ಅಂದರೆ 2029ರವರೆಗೆ ಮುಂದುವರಿಸಿತು. ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ಮಡಿಕೇರಿಯಲ್ಲಿ ಕೋವಿ ಇಟ್ಟುಕೊಳ್ಳಲು ಇರುವ ಈ ವಿನಾಯಿತಿಯನ್ನೇ ನಂಬಿ ವಿದೇಶದಿಂದ ನಳಿಗೆಯನ್ನೋ ಗುಂಡನ್ನೋ ತರಲು ಹೊರಡುವುದು ಜಾಣತನವಲ್ಲ. ಕಸ್ಟಮ್ಸ್ ಕಾಯ್ದೆಯೂ ಆಮದು ನೀತಿಯೂ ಬೇರೆಯೇ ಬಾಗಿಲುಗಳು. ವಿದೇಶವಾಸ ಮುಗಿಸಿ ಶಾಶ್ವತವಾಗಿ ಮರಳುವವರು ಒಂದು ಬಂದೂಕು ತರಬಹುದೆಂದು ಕಸ್ಟಮ್ಸ್‌ನ ಪ್ರಯಾಣಿಕ ಕೈಪಿಡಿಗಳು ಹೇಳುತ್ತ ಬಂದದ್ದೂ ಷರತ್ತುಗಳೊಂದಿಗೇ: ಕನಿಷ್ಠ ಒಂದು ವರ್ಷ ಸ್ವಂತ ಬಳಕೆಯಲ್ಲಿರಬೇಕು, ಇಲ್ಲಿಯ ಪರವಾನಗಿ ಇರಬೇಕು, ಜೀವಮಾನದಲ್ಲಿ ಮಾರುವಂತಿಲ್ಲ.

ಹೊರಡುವ ದೇಶದ ಕಾನೂನೂ ಇದೆ. ಅಮೆರಿಕದಲ್ಲಿ ಸ್ಕೋಪ್ ಖರೀದಿಸಲು ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಆದರೆ ಬಂದೂಕಿಗೆ ಅಳವಡಿಸುವ ಸ್ಕೋಪ್‌ಗಳು ಅಲ್ಲಿಯ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಪಟ್ಟಿಯಲ್ಲಿವೆ. ಸೂಟ್‌ಕೇಸಿನಲ್ಲಿ ಒಯ್ದರೂ ಅದು ರಫ್ತೇ. ಇತ್ತ ಭಾರತದ ಸುಂಕ ಪಟ್ಟಿಯಲ್ಲಿ ಬಿಡಿಯಾಗಿ ಬಂದ ಸ್ಕೋಪ್ ದೃಗುಪಕರಣಗಳ 90ನೇ ಅಧ್ಯಾಯಕ್ಕೆ ಸೇರುತ್ತದೆ. ಅದೇ ಸ್ಕೋಪ್ ರೈಫಲಿನ ಜತೆಗೆ ಬಂದರೆ ಶಸ್ತ್ರಾಸ್ತ್ರಗಳ 93ನೇ ಅಧ್ಯಾಯಕ್ಕೆ ಜಿಗಿಯುತ್ತದೆ!

ವಿಮಾನಯಾನ ಸಂಸ್ಥೆಗಳ ನಿಯಮ ಇದಕ್ಕೆ ಹೋಲಿಸಿದರೆ ಸ್ಪಷ್ಟ. ಅಂತಾರಾಷ್ಟ್ರೀಯ ನಿಯಮದಂತೆ ಕ್ರೀಡಾ ಗುಂಡುಗಳು ಭದ್ರ ಪೆಟ್ಟಿಗೆಯಲ್ಲಿ, ಚೆಕ್-ಇನ್ ಸಾಮಾನಿನಲ್ಲಿ, ಸಂಸ್ಥೆಯ ಪೂರ್ವಾನುಮತಿಯೊಂದಿಗೆ ತಲಾ 5 ಕೆ.ಜಿ. ಮೀರದಂತೆ ಇರಬೇಕು, ಇಬ್ಬರ ಪಾಲನ್ನು ಒಟ್ಟು ಸೇರಿಸುವಂತಿಲ್ಲ. ಬಿಡಿ ಗನ್‌ಪೌಡರ್, ಪ್ರೈಮರ್ ಒಯ್ಯುವಂತೆಯೇ ಇಲ್ಲ. ಏರ್ ರೈಫಲಿನ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಅದನ್ನು ಖಾಲಿ ಮಾಡಿಯೇ ಪ್ಯಾಕ್ ಮಾಡಬೇಕು. ಸೀಸದ ಪೆಲೆಟ್‌ಗಳಲ್ಲಿ ಸ್ಫೋಟಕವಿಲ್ಲ. ಆದರೆ ಐನೂರರ ಡಬ್ಬಿ ಎಕ್ಸ್‌ರೇ ಪರದೆಯಲ್ಲಿ ಕಪ್ಪು ಮುದ್ದೆಯಾಗಿ ಕಾಣುವುದರಿಂದ ಚೀಲ ತೆರೆಸುವುದು ಖಚಿತ. ಜಾಕೆಟ್, ಕೈಗವಸು, ಕನ್ನಡಕಗಳಿಗೆ ತೊಡಕಿಲ್ಲ. ರೇಂಜಿನ ಮದ್ದಿನ ಪುಡಿ ಅಂಟಿದ್ದರೆ ಸ್ಫೋಟಕ ಪತ್ತೆ ಯಂತ್ರ ಸದ್ದು ಮಾಡೀತು, ಅಷ್ಟೆ.

ಇಷ್ಟು ನಿಖರತೆ ವಿಮಾನಯಾನದ ನಿಯಮಕ್ಕೆ ಸಾಧ್ಯವಾದರೆ ಗೃಹ ಇಲಾಖೆಗೂ ಕಸ್ಟಮ್ಸ್‌ಗೂ ಏಕೆ ಆಗಬಾರದು? ಹಿಡಿ, ಸ್ಕೋಪ್, ಪೆಲೆಟ್, ಖಾಲಿ ಕಾಡತೂಸು ಇತ್ಯಾದಿ ಹತ್ತಿಪ್ಪತ್ತು ವಸ್ತುಗಳ ಹೆಸರು ಹೇಳಿ, ಯಾವುದಕ್ಕೆ ಏನು ಕಾಗದ ಬೇಕೆಂದು ಎರಡೂ ಇಲಾಖೆಗಳು ಜಂಟಿಯಾಗಿ ಒಂದು ಪುಟದ ಪಟ್ಟಿ ಹೊರಡಿಸಿದರೆ ಕಳ್ಳಸಾಗಣೆಗಾರನಿಗೆ ಅದರಿಂದ ಲಾಭವೇನೂ ಆಗದು. ತಡೆಹಿಡಿದ ಸಾಮಾನಿನ ತೀರ್ಮಾನಕ್ಕೆ ಕಾಲಮಿತಿ ಹಾಕುವುದೂ ಕಷ್ಟದ ಕೆಲಸವಲ್ಲ.

ಅಲ್ಲಿಯವರೆಗೆ ಪ್ರಯಾಣಿಕನಿಗೆ ಇರುವ ದಾರಿಗಳು ಕೆಲವೇ. ಇಲ್ಲಿಂದ ಸಲಕರಣೆ ಒಯ್ಯುವವರು ಹೊರಡುವಾಗಲೇ ಕ್ರಮಸಂಖ್ಯೆಗಳನ್ನು ನಮೂದಿಸಿ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಪಡೆದರೆ ಮರಳುವಾಗಿನ ಅರ್ಧ ವಾದ ತಪ್ಪುತ್ತದೆ. ಹೊಸದಾಗಿ ಕೊಂಡದ್ದಿದ್ದರೆ ರಸೀದಿಯೊಂದಿಗೆ ರೆಡ್ ಚಾನೆಲ್‌ಗೆ ಹೋಗಿ ಘೋಷಿಸಬೇಕು. ಹಾಗೆ ಪ್ರಾಮಾಣಿಕವಾಗಿ ಘೋಷಿಸಿದವರ ಪಾಲಿಗೆ 1962ರ ಕಸ್ಟಮ್ಸ್ ಕಾಯ್ದೆಯ ಕಲಂ 80 ಇದೆ. ಒಳಕ್ಕೆ ಬಿಡಲಾಗದ ವಸ್ತುವನ್ನು ಅಧಿಕಾರಿಗಳ ವಶದಲ್ಲೇ ಇಟ್ಟು, ದೇಶ ಬಿಟ್ಟು ಹೊರಡುವಾಗ ಮರಳಿ ಪಡೆಯಲು ಅದು ಅವಕಾಶ ನೀಡುತ್ತದೆ. ಘೋಷಿಸದೆ ಸಿಕ್ಕಿಬಿದ್ದವರಿಗೆ ಈ ಕಲಂ ಅನ್ವಯಿಸುವುದಿಲ್ಲ.