ಕಿರೀಟದಿಂದ ಕ್ಲಬ್ಬಿನ ಕುರ್ಚಿಗೆ

ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದವರು ಸಿನಿಮಾಕ್ಕೆ ಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ಅವರೇ ಕ್ರೀಡಾ ತಂಡವೊಂದರ ಒಡೆತನಕ್ಕೆ ಬಂದರೆ ಮಾತ್ರ ‘ಇವರಿಗೇಕೆ ಈ ಉಸಾಬರಿ’ ಎಂಬ ಪ್ರಶ್ನೆ ಏಳುತ್ತದೆ.

1984ರ ಮಿಸ್ ಇಂಡಿಯಾ ಜೂಹಿ ಚಾವ್ಲಾ ಕನ್ನಡಿಗರಿಗೆ 1987ರ ‘ಪ್ರೇಮಲೋಕ’ದ ನಾಯಕಿ. 2008ರಲ್ಲಿ ಅವರು ಪತಿ ಜೈ ಮೆಹ್ತಾ ಹಾಗೂ ಶಾರುಕ್ ಖಾನ್ ಅವರೊಂದಿಗೆ ಕೋಲ್ಕತ್ತ ನೈಟ್ ರೈಡರ್ಸ್ ತಂಡದ ಸಹಮಾಲೀಕರಾದರು. ಅದೇ ವರ್ಷದ ಏಪ್ರಿಲ್ 18ರಂದು ತಂಡ ತನ್ನ ಮೊದಲ ಪಂದ್ಯ ಆಡಿದ್ದು ಬೆಂಗಳೂರಿನಲ್ಲಿ. ನಂತರ 2012, 2014 ಮತ್ತು 2024ರಲ್ಲಿ ಪ್ರಶಸ್ತಿ ಗೆದ್ದಿತು. ಆದರೂ ಪಂದ್ಯದ ದಿನ ಕ್ಯಾಮೆರಾ ತಾರೆಯರ ಮುಖವನ್ನು ಹುಡುಕುತ್ತದೆಯೇ ಹೊರತು, ತಂಡದ ಲೆಕ್ಕಪತ್ರ ನೋಡುವವರನ್ನಲ್ಲ.

ಫುಟ್‌ಬಾಲ್‌ನಲ್ಲಿ ಈ ಪೂರ್ವಗ್ರಹ ಇನ್ನೂ ಹಳೆಯದು. 1993ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಸಿಟಿ ಕ್ಲಬ್ ದಿವಾಳಿಯ ಅಂಚಿನಲ್ಲಿದ್ದಾಗ ಅದರ ವ್ಯವಸ್ಥಾಪಕ ನಿರ್ದೇಶಕಿಯಾದ ಕ್ಯಾರೆನ್ ಬ್ರಾಡಿಗೆ ಆಗ ಕೇವಲ 23 ವರ್ಷ. ಆಕೆ ಸುಂದರಿ ಸ್ಪರ್ಧೆಯಿಂದ ಬಂದವರಲ್ಲ. ಆದರೂ ಅಲ್ಲಿನ ಪತ್ರಿಕೆಗಳ ಕುತೂಹಲ ಆಕೆಯ ರೂಪ, ಉಡುಪುಗಳ ಸುತ್ತಲೇ ಸುತ್ತಿತು. ಆಕೆ 1997ರಲ್ಲಿ ಕ್ಲಬ್ಬನ್ನು ಷೇರುಪೇಟೆಗೆ ಕೊಂಡೊಯ್ದರು. 2002ರಲ್ಲಿ ಅದು ಪ್ರೀಮಿಯರ್ ಲೀಗ್‌ಗೆ ಬಡ್ತಿ ಪಡೆಯಿತು. ಅಂದರೆ ಕಿರೀಟ ಇರಲಿ, ಇಲ್ಲದಿರಲಿ, ಹೆಣ್ಣನ್ನು ಮೊದಲು ಕಣ್ಣಿನಿಂದ ಅಳೆಯುವುದು ರೂಢಿ.

ಆದರೆ ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆಯೇ ಇದೆ. ನಮ್ಮಲ್ಲಿ ಈ ಕುರ್ಚಿಗಳಿಗೆ ಹೋಗುವ ಬಾಗಿಲು ಯಾವುದು? ಗೋವಾದ ಚರ್ಚಿಲ್ ಬ್ರದರ್ಸ್ ಕ್ಲಬ್ಬಿನ ಸಿಇಒ ಆಗಿ ಹೆಸರಾದ ವಲಂಕಾ ಅಲೆಮಾವೊ 2022ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಕಾರ್ಯಕಾರಿ ಸಮಿತಿಗೂ ಬಂದರು. ಅವರ ಶ್ರಮವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ಕ್ಲಬ್ ಅವರ ತಂದೆಯ ಮನೆತನದ್ದು. ಖ್ಯಾತಿ, ಮದುವೆ, ತವರು: ಈ ಮೂರರಲ್ಲಿ ಒಂದೂ ಇಲ್ಲದವರ ಗತಿಯೇನು?

ಮಾನ್ವಿ–ಸಿಂಧನೂರು ರಸ್ತೆಯ ಪೋತ್ನಾಳದಂತಹ ಊರಿನ ಹುಡುಗಿಗೆ ಈ ಪ್ರಶ್ನೆ ಕೇವಲ ಹರಟೆಯ ವಿಷಯವಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಭಾರತೀಯ ಮಹಿಳಾ ಲೀಗ್‌ನ ಫೈನಲ್ ತಲುಪಿದ್ದು ಆಡುವ ಆಸೆಗೆ ಒಂದು ದಾರಿ ತೋರಿಸಿದೆ. ಆದರೆ ಎಲ್ಲರೂ ಆಟಗಾರ್ತಿಯರಾಗಲಾರರು. ಕ್ಲಬ್ ಎಂದರೆ ಹನ್ನೊಂದು ಮಂದಿಯಷ್ಟೇ ಅಲ್ಲ. ಒಪ್ಪಂದ, ಟಿಕೆಟ್, ಪ್ರಾಯೋಜಕತ್ವ, ಕಿರಿಯರ ತರಬೇತಿ, ಲೆಕ್ಕಪತ್ರ ಇವೆಲ್ಲವೂ ಓದಿದವರು ಮಾಡಬಲ್ಲ ಕೆಲಸಗಳೇ. ರಾಯಚೂರಿನಲ್ಲಿ ಬಿ.ಕಾಂ. ಮುಗಿಸಿದ ಯುವತಿಗೆ ಇಂಥದೊಂದು ವೃತ್ತಿ ಇದೆಯೆಂದು ಹೇಳುವವರಾದರೂ ಯಾರು?

ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ, 2025 ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕೆಂದು ವಿಧಿಸುತ್ತದೆ. ಇದು ಸ್ವಾಗತಾರ್ಹ. ಆದರೆ ಈ ನಿಯಮ ಇರುವುದು ಫೆಡರೇಷನ್ನುಗಳಿಗೆ. ಉದ್ಯಮಿಗಳ ಒಡೆತನದ ಕ್ಲಬ್ಬುಗಳ ಕಚೇರಿಯೊಳಗೆ ಅದು ಇಣುಕುವುದಿಲ್ಲ. ಅಲ್ಲಿ ಬೇಕಿರುವುದು ಬಹಿರಂಗ ನೇಮಕಾತಿ ಮತ್ತು ಜಿಲ್ಲೆಗಳ ಪದವೀಧರರಿಗೆ ವೇತನಸಹಿತ ತರಬೇತಿ.

ಸುಂದರಿಯೊಬ್ಬಳು ಕ್ಲಬ್ ನಡೆಸಬಲ್ಲಳೇ ಎಂದು ಕೇಳುವುದನ್ನು ನಾವು ಬಿಡಬೇಕು. ಯಾರ ಮಗಳೂ, ಯಾರ ಮಡದಿಯೂ ಅಲ್ಲದೆ, ಕೇವಲ ಅರ್ಜಿ ಹಾಕಿ ಬಂದ ಹೆಣ್ಣು ಆ ಕುರ್ಚಿಯಲ್ಲಿ ಕೂರುವುದು ಯಾವಾಗ ಎಂದು ಕೇಳಬೇಕು.